ಎಂಬಿಬಿಎಸ್ ಆದ ಮೇಲಿನ ಆ ಒಂದು ವರ್ಷ

ಶಿವಾಜಿನಗರ, ಹಲಸೂರು, ಕೆ.ಆರ್.ಪುರ ಕಡೆಯ ನಮ್ಮ ಬ್ಯಾರಿ ಮನೆಗಳಲ್ಲೂ ಈಗ ಎಂಬಿಬಿಎಸ್ ಮುಗಿಸಿದ ಮಕ್ಕಳು ಕಾಣಸಿಗುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಅದರಲ್ಲಿ ಹೆಣ್ಮಕ್ಕಳೂ ಇದ್ದಾರೆ. ಆದರೆ ಇಂಟರ್ನ್‌ಶಿಪ್ ಮುಗಿಯುವುದೇ ತಡ, ಮನೆಯಲ್ಲಿ ಒಂದೇ ಮಾತು: "ಐದೂವರೆ ವರ್ಷ ಓದಿದ್ದಾಯ್ತಲ್ಲ, ಇನ್ನೇನು?" ಹುಡುಗನಾದರೆ ಕ್ಲಿನಿಕ್ ಹಾಕು ಅನ್ನುತ್ತಾರೆ. ಹುಡುಗಿಯಾದರೆ ನಿಕಾಹ್.

ಮಗು ಪಿಜಿ ಮಾಡ್ತೇನೆ ಅಂದರೆ ಬಾಪ ನಮ್ಮ ಹತ್ತಿರ ಬರುತ್ತಾರೆ. "ಉಸ್ತಾದ್, ನಿಮಗೆ ಯಾರಾದರೂ ಗೊತ್ತಾ? ಸೀಟಿಗೆ ಹೇಳಿಸಬಹುದಾ?" ಹೇಳಿಸಲು ಅಲ್ಲಿ ಜಾಗವೇ ಇಲ್ಲ ಅಂದರೆ ನಂಬುವುದಿಲ್ಲ.

ಎಂಡಿ, ಎಂಎಸ್ ಸೀಟಿಗೆ ನಮ್ಮ ದೇಶದಲ್ಲಿ ನೋಡುವುದು ನೀಟ್-ಪಿಜಿ ರ್‍ಯಾಂಕ್ ಮಾತ್ರ. 200 ಪ್ರಶ್ನೆ, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. ಇಂಟರ್‌ವ್ಯೂ ಇಲ್ಲ, ಶಿಫಾರಸು ಇಲ್ಲ. ನಮ್ಮ ಬೌರಿಂಗ್ ಆಸ್ಪತ್ರೆಯ ಮೆಡಿಕಲ್ ಕಾಲೇಜಿನಂಥ ಸರ್ಕಾರಿ ಕಾಲೇಜುಗಳ ಅರ್ಧ ಪಿಜಿ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದನ್ನು ಕೆಇಎ ಹಂಚುತ್ತದೆ. ಖಾಸಗಿ ಆಸ್ಪತ್ರೆಗಳ ಡಿಎನ್‌ಬಿ ಸೀಟಿಗೂ ಇದೇ ರ್‍ಯಾಂಕ್. ನಿಮ್ಹಾನ್ಸ್, ಏಮ್ಸ್‌ಗೆ ಪರೀಕ್ಷೆ ಬೇರೆ, ಆದರೆ ಅಲ್ಲೂ ಪರೀಕ್ಷೆಯೇ. ಗಲ್ಫ್‌ನಲ್ಲಿರುವ ಕಾಕನ ಹೆಸರಲ್ಲಿ ಎನ್‌ಆರ್‌ಐ ಸೀಟು ಅಂತ ಏಜೆಂಟರು ಓಡಾಡುತ್ತಾರೆ. ಆ ಸೀಟಿಗೂ ನೀಟ್-ಪಿಜಿಯಲ್ಲಿ ಅರ್ಹತೆ ಬೇಕು, ಅದೂ ಕೌನ್ಸೆಲಿಂಗ್‌ನಲ್ಲೇ ಸಿಗಬೇಕು. ಏಜೆಂಟನ ಕೈಗೆ ಕೊಟ್ಟ ಅಡ್ವಾನ್ಸ್ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪರೀಕ್ಷೆಯ ಜೊತೆ ಇಂಟರ್‌ವ್ಯೂ ಇದೆ, ಪತ್ರವೂ ಬೇಕು. ಆ ಪತ್ರ ಎಂಎಲ್‌ಎ ಬರೆಯುವಂಥದ್ದಲ್ಲ ಬಿಡಿ, ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ನೋಡಿದ ಡಾಕ್ಟರ್ ಬರೆಯಬೇಕು. ನಮ್ಮಲ್ಲಿ ಅದೂ ಇಲ್ಲ. ಯಾರ ಮಗ, ಯಾವ ಊರು ಅಂತ ಆ ಕಂಪ್ಯೂಟರ್ ಕೇಳುವುದಿಲ್ಲ. ಹಿಂದೆ ಯಾರ ಬೆಂಬಲವೂ ಇಲ್ಲದ ನಮ್ಮಂಥವರ ಮಕ್ಕಳಿಗೆ ಇದು ಒಳ್ಳೆಯದೇ ಅಂತ ನಾವು ಹೇಳುತ್ತೇವೆ.

ಆದರೆ ಆ ರ್‍ಯಾಂಕ್ ಬರಬೇಕಾದರೆ ಓದಲು ಸಮಯ ಬೇಕು. ಇಂಟರ್ನ್‌ಶಿಪ್‌ನಲ್ಲಿ ರಾತ್ರಿ ಡ್ಯೂಟಿ ಮಾಡಿ ಬಂದ ಮಗುವಿಗೆ ಓದುವುದು ಎಲ್ಲಿಂದ? ಹೆಚ್ಚಿನವರಿಗೆ ಅದು ಮುಗಿದ ಮೇಲೆ ಒಂದು ವರ್ಷವಾದರೂ ಬೇಕಾಗುತ್ತದೆ. ಗಂಡುಮಕ್ಕಳಿಗೆ ಹೇಗೋ ಸಿಗುತ್ತದೆ. ಮಗಳಿಗೆ ಅದೇ ವರ್ಷ ಹೆಣ್ಣು ನೋಡುವವರು ಬರುತ್ತಾರೆ, ಚಾ ಕೊಡಬೇಕು, ಕೂತು ಮಾತಾಡಬೇಕು. "ಮದುವೆಯಾದ ಮೇಲೆ ಓದಲಿ, ಹುಡುಗನ ಮನೆಯವರು ಒಪ್ಪಿದ್ದಾರೆ" ಅನ್ನುತ್ತಾರೆ. ಒಪ್ಪಿದವರು ಮೂರು ತಿಂಗಳಲ್ಲಿ ಮರೆತದ್ದನ್ನೂ ನಾವು ನೋಡಿದ್ದೇವೆ.

ಪರೀಕ್ಷೆ ಮುಗಿದ ಮರುವಾರಕ್ಕೆ ಹಾಲ್ ಬುಕ್ ಮಾಡುವವರಿದ್ದಾರೆ. 2024ರಲ್ಲಿ ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು, ನಡೆದದ್ದು ಆಗಸ್ಟ್ 11ಕ್ಕೆ. 2025ರಲ್ಲೂ ಜೂನ್ 15ರದ್ದು ಆಗಸ್ಟ್ 3ಕ್ಕೆ ಹೋಯಿತು. ಪರೀಕ್ಷೆ ಮುಂದೆ ಹೋದರೂ ಹಾಲ್‌ನ ತಾರೀಕು ಅಲ್ಲೇ ಇರುತ್ತದೆ. ಆಗ ಬಿಡುವುದು ಯಾವುದನ್ನು ಅಂತ ಮಗಳನ್ನು ಯಾರೂ ಕೇಳುವುದಿಲ್ಲ. ನಿಕಾಹ್ ಬೇಡ ಅಂತ ನಾವು ಹೇಳುತ್ತಿಲ್ಲ, ಉಸ್ತಾದರು ಹಾಗೆ ಹೇಳಲೂ ಆಗದು. ತಾರೀಕು ಹಾಕುವ ಮೊದಲು ಅವಳ ಬಳಿ ಕೂತು ಕೇಳಿ ಅನ್ನುತ್ತಿದ್ದೇವೆ.

ಜಮಾಅತ್‌ನವರಿಗೂ ಒಂದು ಮಾತು. ಎಂಬಿಬಿಎಸ್ ಸೀಟು ಸಿಕ್ಕಾಗ ಶಾಲು ಹೊದಿಸಿ ಫೋಟೋ ತೆಗೆಯುತ್ತೀರಿ, ಫೀಸಿಗೂ ನೆರವಾಗುತ್ತೀರಿ. ಐದು ವರ್ಷದ ನಂತರ ಆ ಮಗು ಎಲ್ಲಿದೆ ಅಂತ ನೋಡಿದ್ದೀರಾ? ಕೋಚಿಂಗ್ ಫೀಸಿಗೆ ಸ್ವಲ್ಪ ಕೊಡಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಟಿವಿ, ನೆಂಟರು, ಚಿಕ್ಕ ಮಕ್ಕಳ ನಡುವೆ ಓದುವವರಿಗೆ ಮದ್ರಸದ ಒಂದು ಕೋಣೆ ತೆರೆದುಕೊಡಿ. ಸಂಜೆ ತರಗತಿ ಬಿಟ್ಟ ಮೇಲೆ ಅದು ಖಾಲಿಯೇ ಇರುತ್ತದೆ. ಹೆಣ್ಮಕ್ಕಳಿಗೆ ಬೇರೆ ಹೊತ್ತು ಇಟ್ಟರಾಯಿತು. ಮತ್ತೆ 2ಬಿ ಸರ್ಟಿಫಿಕೇಟ್: ಕೌನ್ಸೆಲಿಂಗ್ ಶುರುವಾದ ಮೇಲೆ ತಾಲೂಕು ಕಚೇರಿಗೆ ಓಡಬೇಡಿ, ಈಗಲೇ ತೆಗೆದು, ಹೆಸರಿನ ಅಕ್ಷರ ಮಾರ್ಕ್ಸ್ ಕಾರ್ಡಿನಂತೆಯೇ ಇದೆಯಾ ನೋಡಿ ಇಟ್ಟುಕೊಳ್ಳಿ.