ಕಡಲಯಾನ: ಅಂಜಿ ಹಿಂದುಳಿಯದಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯವರಾದ ನಮಗೆ ಕೆರೆಯ ತೆರೆಯ ಪರಿಚಯವುಂಟು, ಕಡಲಿನದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ದ್ವೀಪವನ್ನನುಸರಿಸಿ ಸುಮಾರು 14ರಿಂದ 18 ಗಂಟೆಗಳ ಹಡಗಿನ ಪಯಣ. ಮಕ್ಕಳು ಕರೆದರೂ, "ಬಸ್ಸಿನಲ್ಲೇ ವಾಂತಿಯಾಗುತ್ತದೆ, ನಾನೊಲ್ಲೆ" ಎಂದು ಮನೆಯಲ್ಲುಳಿಯುವ ತಾಯಂದಿರನ್ನು ನಾವು ಬಲ್ಲೆವು.

ಇದು ನಾಚುವ ವಿಷಯವಲ್ಲ. ಒಳಗಿವಿಯು ಓಲಾಟವನ್ನು ಅರಿಯುತ್ತದೆ, ಕೋಣೆಯೊಳಗಿನ ಕಣ್ಣಿಗೋ ಎಲ್ಲವೂ ನಿಶ್ಚಲ. ಈ ವಿರಸದಿಂದಲೇ ಹೊಟ್ಟೆ ತೊಳಸುವುದು. 1831ರಿಂದ 1836ರವರೆಗೆ ಬೀಗಲ್ ನೌಕೆಯಲ್ಲಿ ಸಂಚರಿಸಿದ ವಿಜ್ಞಾನಿ ಡಾರ್ವಿನ್ನರೂ ಇದರಿಂದ ಬಳಲಿದವರೇ.

ಉಪವಾಸವಿದ್ದರೆ ವಾಂತಿಯಾಗದೆಂಬ ನಂಬಿಕೆ ಸಲ್ಲದು. ಬರಿ ಹೊಟ್ಟೆಯೂ ತೊಳಸುತ್ತದೆ. ಎರಡು ಇಡ್ಲಿ, ಚೂರು ಶುಂಠಿ ಸಾಕು. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ, ಅಲ್ಲಿಯೇ ಸ್ಥಳ ಕೇಳಿರಿ. ಸಂಕಟ ತೋರಿದೊಡನೆ ಮೇಲೆ ಬಂದು ದಿಗಂತವನ್ನು ದಿಟ್ಟಿಸಿರಿ. ಓದು, ಮೊಬೈಲು ಬೇಡ. ಮಾತ್ರೆಯನ್ನು ಹಡಗೇರುವ ಮುನ್ನವೇ ಸೇವಿಸಬೇಕು, ಅದರಿಂದ ತೂಕಡಿಕೆ ಬರಬಹುದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆಯುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಕೂಡದು. ಮಕ್ಕಳಿಗೂ ಕೇಳದೆ ಕೊಡಬಾರದು. ವಾಂತಿಯಾದರೆ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿರಿ. ಅದೂ ನಿಲ್ಲದಿದ್ದರೆ ಹಡಗಿನ ವೈದ್ಯರಿಗೆ ತಿಳಿಸಿರಿ.

ಇಷ್ಟು ಸಿದ್ಧತೆಯಿದ್ದರೆ ವಾಂತಿಯ ಭಯಕ್ಕೆ ಹೆತ್ತವರನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ.