ಕದ್ರಿಯವರ ಸ್ಯಾಕ್ಸೊಫೋನ್ ಮತ್ತು ನಾವು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಕಲೆಯ ವಿಷಯದಲ್ಲಿ ತಪ್ಪದೆ ಪಾಲಿಸುತ್ತ ಬಂದಿದ್ದೇವೆ. ಊರಿನ ಕಲಾವಿದನೊಬ್ಬನು ಕಡಲಾಚೆಯ ಸಭೆಯೊಂದರಲ್ಲಿ ಮನ್ನಣೆ ಪಡೆದು ಬಂದನೆಂದರೆ, ಆ ತನಕ ಅವನ ಕಡೆ ತಿರುಗಿ ನೋಡದವರೂ ಹಾರ ಹಿಡಿದು ಓಡುತ್ತಾರೆ. ಸ್ಯಾಕ್ಸೊಫೋನ್ ವಿದ್ವಾಂಸರಾದ ಕದ್ರಿ ಗೋಪಾಲನಾಥರನ್ನು ನೆನೆಯುವಾಗಲೂ ನಮ್ಮ ಭಾಷಣಕಾರರು ಮೊದಲು ಹೇಳುವುದು ಒಂದೇ ಮಾತು: 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿ.ಬಿ.ಸಿ.ಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ, ಅವರು ನುಡಿಸಿದರು. ಮಾತು ನಿಜ; ಹೆಮ್ಮೆಪಡತಕ್ಕದ್ದೂ ಹೌದು. ಆದರೆ ಆ ದೀರ್ಘ ಸಾಧನೆಯ ನಡುವೆ ಅದು ಒಂದು ಸಂಜೆ. ಅದಕ್ಕೆ ಮೊದಲು ಊರಿನಲ್ಲಿ ಏನು ನಡೆಯಿತು, ಅದರ ತರುವಾಯ ಊರಿನಲ್ಲಿ ಏನು ಉಳಿಯಿತು ಎಂಬ ಎರಡು ಪ್ರಶ್ನೆಗಳಿಂದಲೇ ಕಲಾವಿದನ ಬಾಳಿಗೆ ಬೆಲೆ ಕಟ್ಟಬೇಕೆಂದು ನನ್ನ ಎಣಿಕೆ.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೂ ಮೊದಲು ಒಲಿದದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಮನಸೋತು ಅವರು ಅದನ್ನು ಕೈಗೆತ್ತಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರು ಪಾಠ ಹೇಳಿದರು. ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು.

ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಸುವ ಈ ಸಂಗತಿಯ ಒಳಗೆ ಎಷ್ಟು ಕಷ್ಟ ಅಡಗಿತ್ತೆಂಬುದು ವಾದ್ಯದ ರಚನೆಯನ್ನು ನೋಡಿದರೆ ತಿಳಿಯುತ್ತದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ರಚಿಸಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ದಂಡಿನ ಬ್ಯಾಂಡಿನಲ್ಲಿ ಬೆಳೆದದ್ದು. ನಾಗಸ್ವರವನ್ನು ನುಡಿಸುವವನು ಬೆರಳ ತುದಿಯಿಂದ ರಂಧ್ರವನ್ನು ಅರೆಬರೆ ಮುಚ್ಚಿ ಸ್ವರವನ್ನು ಜಾರಿಸಬಲ್ಲನು. ಸ್ಯಾಕ್ಸೊಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯಿದೆ. ಸ್ವರದಿಂದ ಸ್ವರಕ್ಕೆ ಮೆಟ್ಟಿಲೇರಿದಂತೆ ಹೋಗಬಹುದಲ್ಲದೆ, ಬೆರಳ ಬಲದಿಂದ ಜಾರುವುದಕ್ಕೆ ಅಲ್ಲಿ ದಾರಿಯಿಲ್ಲ. ಗಮಕವಿಲ್ಲದ ತೋಡಿಯನ್ನು ತೋಡಿಯೆಂದು ಯಾರು ಒಪ್ಪುತ್ತಾರೆ? ಆದಕಾರಣ ಬೆರಳಿಗೆ ನಿಲುಕದುದನ್ನು ತುಟಿಯ ಬಿಗಿತದಿಂದ, ಉಸಿರಿನ ಏರಿಳಿತದಿಂದ ದಕ್ಕಿಸಿಕೊಳ್ಳಬೇಕಾಯಿತು. ವಾದ್ಯದಲ್ಲಿಯೂ ಕೆಲವು ಮಾರ್ಪಾಟುಗಳನ್ನು ಮಾಡಿಕೊಳ್ಳಬೇಕಾಯಿತು. ಹೀಗೆ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಲು ಅವರಿಗೆ ಸುಮಾರು 20 ವರ್ಷ ಹಿಡಿಯಿತೆನ್ನುತ್ತಾರೆ. ಆ ವರ್ಷಗಳಿಗೆ ಪ್ರಶಸ್ತಿಪತ್ರಗಳಲ್ಲಿ ಜಾಗವಿರುವುದಿಲ್ಲ.

ಪಶ್ಚಿಮದ ದೊಡ್ಡ ವಾದಕರ ಕಥೆಯೂ ಬೇರೆಯಲ್ಲ. ಚೆಲೊ ಎಂಬುದು ಪಿಟೀಲಿನ ಮನೆತನಕ್ಕೆ ಸೇರಿದ ದೊಡ್ಡ ವಾದ್ಯ. ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸತಕ್ಕದ್ದು. ಅದನ್ನು ಜಗತ್ತಿನ ವೇದಿಕೆಗಳಿಗೆ ಕೊಂಡೊಯ್ದವರಲ್ಲಿ ಅಗ್ರಗಣ್ಯರು ಸ್ಪೇನಿನ ಪಾಬ್ಲೊ ಕಸಾಲ್ಸ್ (1876–1973). ಬಾಖ್ ರಚಿಸಿದ ಚೆಲೊ ಕೃತಿಗಳ ಪ್ರತಿಯೊಂದು 13 ವಯಸ್ಸಿನ ಆ ಹುಡುಗನಿಗೆ ಬಾರ್ಸಿಲೋನಾದ ಹಳೆಯ ಅಂಗಡಿಯಲ್ಲಿ ಸಿಕ್ಕಿತು. ಅಭ್ಯಾಸದ ಪಾಠಗಳೆಂದು ಬಹುಮಂದಿ ಬದಿಗಿಟ್ಟಿದ್ದ ಆ ಕೃತಿಗಳನ್ನು ಅವರು ಸಭೆಯ ಮುಂದೆ ನುಡಿಸಿದ್ದು 12 ವರ್ಷ ದಿನದಿನವೂ ಸಾಧನೆ ಮಾಡಿದ ಮೇಲೆ. ದೇಶದೇಶಗಳನ್ನು ಸುತ್ತಿದ ಕೀರ್ತಿಯ ಬೇರು ಆ ಸಾಧನೆಯ ಕೋಣೆಯೊಳಗಿದೆ.

ಇಲ್ಲಿ ಇನ್ನೊಂದು ಸಂಗತಿ ವಿಚಾರಾರ್ಹವಾಗಿದೆ. ಕೀಲಿಗಳಿಲ್ಲದ, ಮೆಟ್ಟುಗಳಿಲ್ಲದ ಚೆಲೊ ನಮ್ಮ ಗಮಕಕ್ಕೆ ಸ್ಯಾಕ್ಸೊಫೋನಿಗಿಂತ ಎಷ್ಟೋ ಹತ್ತಿರದ್ದು. ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಸಾಸ್ಕಿಯಾ ರಾವ್-ದೆ ಹಾಸ್ ಅವರು ಹರಿಪ್ರಸಾದ್ ಚೌರಾಸಿಯಾ ಅವರಲ್ಲಿ ಕಲಿತು, ನೆಲದ ಮೇಲೆ ಕುಳಿತು ನುಡಿಸುವಂತೆ ಚೆಲೊವನ್ನು ಕಿರಿದಾಗಿಸಿ, ತಂತಿಗಳನ್ನು ಹೆಚ್ಚಿಸಿ, ಅದರಲ್ಲಿ ಹಿಂದೂಸ್ಥಾನಿ ರಾಗಗಳನ್ನು ಮೂಡಿಸಿದ್ದಾರೆ. ಆದರೂ ಚೆಲೊ ನಮ್ಮ ಬೀದಿಗೆ ಇಳಿಯಲಿಲ್ಲ; ಸ್ಯಾಕ್ಸೊಫೋನ್ ಇಳಿಯಿತು. ಏಕೆಂದರೆ ತುಳುನಾಡಿನ ಸಂಗೀತಕ್ಕೆ ಸಭೆಯ ಚಾಪೆಗಿಂತ ಬಯಲು ದೊಡ್ಡದು. ಜಾತ್ರೆ, ದಿಬ್ಬಣ, ಭೂತಕೋಲ, ಇವೆಲ್ಲ ನಡೆಯುತ್ತ ಕೇಳುವ ಸಂಗೀತವನ್ನು ಬೇಡುತ್ತವೆ. ಪಿಟೀಲು ಕೂಡ ಹೀಗೆಯೇ ಬಂದದ್ದು. 19ನೆಯ ಶತಮಾನದ ಮೊದಲ ಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ಕಲಿತಾಗ ಹಾಡುಗಾರನ ಪಕ್ಕದಲ್ಲಿ ಅದಕ್ಕೊಂದು ಕೆಲಸವಿತ್ತು. ಇಂದು ತಿರುಮಕೂಡಲಿನ ಚೌಡಯ್ಯನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ನಿಂತಿರುವ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಅದನ್ನು ಪರದೇಶದ ವಾದ್ಯವೆಂದು ಯಾರೂ ಎಣಿಸುವುದಿಲ್ಲ. ವಾದ್ಯವೊಂದು ನಮ್ಮದಾಗಬೇಕಾದರೆ ಜನದ ಬಾಳಿನಲ್ಲಿ ಅದಕ್ಕೆ ಕೆಲಸವಿರಬೇಕು, ಮತ್ತು ಅದಕ್ಕಾಗಿ ಆಯುಸ್ಸನ್ನು ಸವೆಸುವ ಒಬ್ಬನಾದರೂ ಇರಬೇಕು.

ಹಾಗಾದರೆ ಹೊರದೇಶದ ಕಚೇರಿಗಳಿಗೆ ಅರ್ಥವೇ ಇಲ್ಲವೆ? ಇದೆ, ಆದರೆ ಅದು ಸನ್ಮಾನದ ಅರ್ಥವಲ್ಲ. ದಕ್ಷಿಣ ಭಾರತದ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಸ್ ಸ್ಯಾಕ್ಸೊಫೋನ್ ವಾದಕರು, ವಿದ್ಯಾರ್ಥಿಯಾಗಿದ್ದಾಗ ಗೋಪಾಲನಾಥರ ಮುದ್ರಿಕೆಯೊಂದನ್ನು ಕೇಳಿದರು. ತಮ್ಮ ಕೈಯಲ್ಲಿದ್ದ ವಾದ್ಯವೇ ತಮ್ಮ ಹಿರಿಯರ ನಾಡಿನ ಸಂಗೀತವನ್ನು ನುಡಿಯಬಲ್ಲದೆಂದು ಅವರಿಗೆ ಕಂಡಿತು. ಮುಂದೆ ಇಬ್ಬರೂ ಕೂಡಿ ನುಡಿಸಿದ ಮುದ್ರಿಕೆ 2008ರಲ್ಲಿ ಹೊರಬಂತು. ನೂರು ಹಾರಗಳಿಗಿಂತ ಇದು ಹಿರಿದು.

ಇನ್ನು ಎರಡನೆಯ ಪ್ರಶ್ನೆ: ಊರಿನಲ್ಲಿ ಏನು ಉಳಿಯಿತು? 2004ರಲ್ಲಿ ಪದ್ಮಶ್ರೀ ಪಡೆದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅತ್ತಾವರದ ಬೀದಿಗಳಲ್ಲಿ ಮದುವೆಯ ದಿನಗಳಲ್ಲಿ ಕಿವಿಗೊಟ್ಟರೆ ಅವರ ಪ್ರಭಾವ ಇಂದಿಗೂ ಕೇಳಿಸುತ್ತದೆ. ಆದರೆ ಹಿಂದೆ ನಾಗಸ್ವರ ಕೇಳಿಸುತ್ತಿದ್ದ ಅನೇಕ ಕಡೆ ಈಗ ಸ್ಯಾಕ್ಸೊಫೋನ್ ಒಂದೇ ಕೇಳಿಸುತ್ತದೆ. ಇದನ್ನು ಕಂಡು ಕೆಲವರು, ಒಬ್ಬನ ಕೀರ್ತಿಗೆ ಒಂದು ಮಂಗಳವಾದ್ಯ ಬಲಿಯಾಯಿತೆಂದು ದೂರುತ್ತಾರೆ. ಈ ದೂರು ಸಂಕಟದಿಂದ ಹುಟ್ಟಿದ್ದು. ಆದರೆ ವಿಳಾಸ ತಪ್ಪಿದೆ. ಗೋಪಾಲನಾಥರ ಸ್ಯಾಕ್ಸೊಫೋನಿಗೆ ಗಮಕ ದಕ್ಕಿದ್ದರ ಹಿಂದೆ ತಂದೆಯ ನಾಗಸ್ವರವಿತ್ತು. ಆ ಪಾಠವನ್ನು ಬಿಟ್ಟು ವಾದ್ಯವನ್ನು ಮಾತ್ರ ಹಿಡಿದವರಿಗೆ ಸಿನಿಮಾ ಹಾಡಿನಿಂದಾಚೆ ದಾರಿ ಕಾಣದಿದ್ದರೆ ಆಶ್ಚರ್ಯವೇನು? ಅವರನ್ನು ಹಳಿಯುವುದೂ ನ್ಯಾಯವಲ್ಲ. ಕೇಳುವವರು ನಾವು, ಬೇಡಿದ್ದೂ ನಾವೇ. ಮಂಟಪದಲ್ಲಿ ವಾದಕನಿಗೆ ಬೆನ್ನು ಮಾಡಿ ಊಟದ ಸಾಲಿಗೆ ನಡೆಯುವವರೂ ನಾವೇ.

ಆದ್ದರಿಂದ ಕದ್ರಿಯವರ ಸ್ಮರಣೆಗೆ ಇನ್ನೊಂದು ಪ್ರಶಸ್ತಿಯನ್ನೋ ಪ್ರತಿಮೆಯನ್ನೋ ಹುಡುಕುವ ಮೊದಲು, ನಾಗಸ್ವರವನ್ನು ಕಲಿಸುವ ಗುರುವೊಬ್ಬರಿಗೆ ಊರಿನಲ್ಲಿ ಜೀವನ ನಡೆಯುವ ಏರ್ಪಾಡನ್ನು ಮಾಡುವುದು ಲೇಸು. ದೇವಸ್ಥಾನದ ಸಮಿತಿಗಳು ಉತ್ಸವದ ವೆಚ್ಚದಲ್ಲಿ ಅದಕ್ಕೊಂದು ಪಾಲನ್ನು ತೆಗೆದಿಡಬಹುದು. ಸ್ಯಾಕ್ಸೊಫೋನ್ ಕಲಿಯಬಯಸುವ ಹುಡುಗನೂ ಹುಡುಗಿಯೂ ಮೊದಲೆರಡು ವರ್ಷ ಆ ಗುರುವಿನ ಮುಂದೆ ಕುಳಿತರೆ ಎರಡು ವಾದ್ಯಗಳೂ ಬದುಕುತ್ತವೆ. ನಮ್ಮ ಕಾಲೇಜುಗಳೂ ವಾರ್ಷಿಕೋತ್ಸವದ ಅಬ್ಬರದ ನಡುವೆ ಒಂದು ಗಂಟೆ ಇಂಥ ವಾದಕರನ್ನು ಕೂರಿಸಿ, ವಿದ್ಯಾರ್ಥಿಗಳಿಗೆ ಕೇಳುವುದನ್ನು ಕಲಿಸಬಹುದು. ಲಂಡನ್ನಿನ ಜನ ಒಂದು ಸಂಜೆ ಸುಮ್ಮನೆ ಕುಳಿತು ಅವರನ್ನು ಕೇಳಿದರು. ಊರಿನವರಾದ ನಾವು ಅಷ್ಟನ್ನಾದರೂ ಮಾಡಬೇಡವೆ?