ಹೌದೋ, ಅಲ್ಲವೋ?

ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮನ್ನು ಹೆದರಿಸುವ ವಿಷಯಗಳು ಹಲವಾರು. ಆದರೆ ಪರೀಕ್ಷೆಯಲ್ಲಿ ಸುಲಭವಾಗಿದ್ದು, ಬಾಳಿನಲ್ಲಿ ಕೈಕೊಡುವ ವಿಷಯವೊಂದಿದೆ. ಅದೇ ನಿಷೇಧಾರ್ಥಕ ಪ್ರಶ್ನೆ.

ಮೊದಲನೆಯ ವರ್ಷದಲ್ಲಿ ನಾನು ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಹೋಗಿದ್ದೆ. "ಡೋಂಟ್ ಯು ಗೆಟ್ ಎನಿ ಅದರ್ ಸ್ಕಾಲರ್‌ಷಿಪ್?" ಎಂದು ಹಿರಿಯರೊಬ್ಬರು ಕೇಳಿದರು. ನನಗೆ ಬೇರೆಲ್ಲಿಂದಲೂ ಬಿಡಿಗಾಸು ಬರುತ್ತಿರಲಿಲ್ಲ. ವಿನಯದಿಂದ "ಯೆಸ್ ಸಾರ್" ಎಂದೆ. 'ಹೌದು, ಬರುವುದಿಲ್ಲ' ಎಂದು ನನ್ನ ಭಾವ. 'ಬರುತ್ತದೆ' ಎಂದು ಅವರ ಗ್ರಹಿಕೆ. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಕಾರಣವನ್ನು ಆಮೇಲೆ ಗುಮಾಸ್ತರಿಂದ ತಿಳಿದೆ.

ಇದು ಕೇವಲ ದಡ್ಡತನವೇ? ಅಲ್ಲವೆಂದು ನನ್ನ ಅಭಿಪ್ರಾಯ. "ನಿನ್ನೆ ನೀನು ಬರಲಿಲ್ಲವೇ?" ಎಂದಾಗ "ಹೌದು, ಬರಲಿಲ್ಲ" ಎನ್ನುವುದು ನಮ್ಮಲ್ಲಿ ಸಹಜ. ನಮ್ಮ 'ಹೌದು' ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ 'ಯೆಸ್' ಪ್ರಶ್ನೆಯ ರೂಪವನ್ನು ಲೆಕ್ಕಿಸದೆ ಸಂಗತಿಯನ್ನಷ್ಟೇ ನೋಡುತ್ತದೆ. ಬಂದಿದ್ದರೆ ಯೆಸ್, ಬಾರದಿದ್ದರೆ ನೋ.

ಈ ತೊಡಕು ಇಂಗ್ಲಿಷರಿಗೂ ಹೊಸದಲ್ಲ. ಹಿಂದೆ ಅವರಲ್ಲಿ ನಾಲ್ಕು ಉತ್ತರಗಳಿದ್ದವು. ಸಾಮಾನ್ಯ ಪ್ರಶ್ನೆಗೆ 'ಯೇ', 'ನೇ'. ನಿಷೇಧದ ಪ್ರಶ್ನೆಗೆ 'ಯೆಸ್', 'ನೋ'. ಬೈಬಲ್ಲನ್ನು ಅನುವಾದಿಸಿದ ವಿಲಿಯಂ ಟಿಂಡೇಲನು 'ನೇ' ಎನ್ನಬೇಕಾದಲ್ಲಿ 'ನೋ' ಬರೆದನೆಂದು 1532ರಲ್ಲಿ ಸರ್ ಥಾಮಸ್ ಮೋರ್ ಆಕ್ಷೇಪಿಸಿದನು. ಕಾಲಕ್ರಮದಲ್ಲಿ ಆ ಭೇದ ಅಳಿಯಿತು. ನಿಷೇಧವನ್ನು ಅಲ್ಲಗಳೆಯಲು ಫ್ರೆಂಚರಿಗೆ 'ಸಿ', ಜರ್ಮನರಿಗೆ 'ಡೋಖ್' ಇಂದಿಗೂ ಉಂಟು. ನಾವೇನು ಕಡಿಮೆ? "ಬಂದಿದ್ದೆನಲ್ಲ!" ಎಂದು ಕ್ರಿಯಾಪದದಿಂದಲೇ ಆ ಕೆಲಸ ಮಾಡಿಸುತ್ತೇವೆ.

ಇನ್ನು, ಇಂಥ ಪ್ರಶ್ನೆಗಳೆಲ್ಲ ಉತ್ತರ ಬೇಡುವುವೂ ಅಲ್ಲ. "ವೋಂಟ್ ಯು ಸಿಟ್ ಡೌನ್?" ಎಂಬುದು ಉಪಚಾರ; ನಮ್ಮ "ಕೂತುಕೊಳ್ಳಬಾರದೇ?" ಇದ್ದಂತೆ. "ಹ್ಯಾವಂಟ್ ಯು ಫಿನಿಷ್ಡ್ ಯೆಟ್?" ಎಂಬುದು ಗದರಿಕೆ. "ಇಸಂಟ್ ಇಟ್ ಲವ್ಲಿ?" ಎಂಬುದು ಮೆಚ್ಚುಗೆ. ಇವುಗಳ ಭಾವ ತಿಳಿಯುವುದು ಧ್ವನಿಯಿಂದ, ಸಂದರ್ಭದಿಂದ.

ನಾವಾದರೋ ವಾಕ್ಯಗಳನ್ನು ನಿಷೇಧರೂಪಕ್ಕೆ ತಿರುಗಿಸಿ ಬರೆದು ಅಂಕ ಗಳಿಸುತ್ತೇವೆ. ಅವಕ್ಕೆ ಬಾಯಿಬಿಟ್ಟು ಉತ್ತರಿಸುವ ಅಭ್ಯಾಸ ನಮಗಿಲ್ಲ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ವಾರಕ್ಕೆ ಹತ್ತು ನಿಮಿಷವಾದರೂ ಇಂಥ ಪ್ರಶ್ನೆಗಳನ್ನು ನಮಗೆ ಕೇಳಿ, ನಮ್ಮಿಂದ ಪೂರ್ಣವಾಕ್ಯದಲ್ಲಿ ಉತ್ತರ ಹೇಳಿಸಬೇಕು. ಸಂದರ್ಶನ ಮಾಡುವ ಹಿರಿಯರೂ ಪ್ರಶ್ನೆಯನ್ನು ನೇರವಾಗಿ ಕೇಳಿದರೆ ಉಪಕಾರವಾದೀತು. ಸಹಪಾಠಿಗಳಿಗೆ ನನ್ನ ಅನುಭವದ ಬುದ್ಧಿವಾದವೂ ಒಂದುಂಟು: ಬರಿಯ 'ಯೆಸ್'ಗೆ ನಿಲ್ಲಬೇಡಿ. "ನೋ ಸಾರ್, ಐ ಡೋಂಟ್" ಎಂಬ ನಾಲ್ಕು ಮಾತು ಅಂದು ನನ್ನ ಬಾಯಿಂದ ಹೊರಟಿದ್ದರೆ, ಆ ವರ್ಷದ ಪುಸ್ತಕಗಳಿಗಾಗಿ ನಾನು ಸಾಲ ಮಾಡಬೇಕಾಗಿರಲಿಲ್ಲ.